ದಂಡೆ ಮೀರಿದ ಪಿತ್ತ

ಜೀರ್ಣಕ್ರಿಯೆಯ ಪಾಠ ಮಾಡುವಾಗ ನಾನು ವರ್ಷಾನುಗಟ್ಟಲೆ ಒಂದೇ ಮಾತು ಹೇಳುತ್ತ ಬಂದಿದ್ದೆ: "ಪಿತ್ತರಸದಲ್ಲಿ ಕಿಣ್ವಗಳಿಲ್ಲ. ಅದು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ, ಅಷ್ಟೇ." ಪರೀಕ್ಷೆಯಲ್ಲಿ ಎರಡು ಅಂಕ ಪಡೆಯಲು ಇಷ್ಟು ಸಾಕು. ಆ 'ಅಷ್ಟೇ' ಎಂಬ ಮಾತನ್ನು ನಾನು ಬಿಟ್ಟದ್ದು ಕೆಲವು ವರ್ಷಗಳ ಹಿಂದೆ, ಒಬ್ಬ ಹುಡುಗನ ಹೊಟ್ಟೆನೋವಿನ ದೆಸೆಯಿಂದ.

ಆತ ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ. ಬನಶಂಕರಿ ಜಾತ್ರೆಗೆ ಹೋಗಿ ಬಂದ ಕೆಲವು ದಿನಗಳ ಮೇಲೆ ಜ್ವರ ಹಿಡಿಯಿತು. ಹಳ್ಳಿಯಲ್ಲೇ ಸೂಜಿ ಮಾಡಿಸಿಕೊಳ್ಳುತ್ತಿದ್ದ. ಇಳಿದಂತಾಗುತ್ತಿತ್ತು, ಮತ್ತೆ ಏರುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆ ಎದುರಿಗಿತ್ತು. "ಮಾತ್ರೆ ನುಂಗಿ ಬಂದು ಬರೆದು ಹೋಗು" ಎಂದವನು ಬೇರೆ ಯಾರೂ ಅಲ್ಲ, ವಿಜ್ಞಾನ ಕಲಿಸುವ ನಾನೇ. ಮೂರನೆಯ ವಾರದಲ್ಲಿ ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಟ್ಟರು. ಒಂದು ರಾತ್ರಿ ಇದ್ದಕ್ಕಿದ್ದಂತೆ ಹೊಟ್ಟೆನೋವು. "ಹೊಟ್ಟಿ ಕಟ್ಟೇತಿ, ಔಡಲೆಣ್ಣಿ ಕೊಟ್ರ ಸರಿಹೋಗ್ತೈತಿ" ಎಂದು ಮನೆಯ ಹಿರಿಯರು ಎಣ್ಣೆ ಕುಡಿಸಿದರು. ಮರುದಿನ ನಾನು ಹೋಗಿ ನೋಡಿದಾಗ ಹುಡುಗ ಮೊಣಕಾಲು ಮಡಚಿಕೊಂಡು ಅಲುಗಾಡದೆ ಮಲಗಿದ್ದ. ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ಅವನ ತಾಯಿ ಸೆರಗು ಬಾಯಿಗೆ ಹಿಡಿದು "ಸರ, ಹೊಟ್ಟಿ ಕಲ್ಲಾಗೇತ್ರಿ" ಎಂದಳು. ಮುಟ್ಟಿ ನೋಡಿದೆ. ಹಲಗೆ ಮುಟ್ಟಿದಂತಿತ್ತು.

ಸಿಕ್ಕ ಜೀಪಿನಲ್ಲಿ ಬಾಗಲಕೋಟೆಗೆ ಕರೆದೊಯ್ದೆವು. ಆ ರಾತ್ರಿಯೇ ಶಸ್ತ್ರಕ್ರಿಯೆಯಾಯಿತು. ವಿಷಮಶೀತ ಜ್ವರದಿಂದ, ಅಂದರೆ ಟೈಫಾಯ್ಡಿನಿಂದ, ಸಣ್ಣಕರುಳಿನ ಕೊನೆಯಲ್ಲಿ ತೂತು ಬಿದ್ದಿತ್ತು. ಹಳದಿ-ಹಸಿರು ಬಣ್ಣದ ದ್ರವ ಹೊಟ್ಟೆಯ ತುಂಬ ಹರಡಿತ್ತು ಎಂದು ವೈದ್ಯರು ಹೇಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದ ಹುಡುಗನ ತಂದೆ ನನ್ನನ್ನು ಕೇಳಿದ: "ಸರ, ಪಿತ್ತ ಎಲ್ಲಾರ ಹೊಟ್ಟ್ಯಾಗೂ ಇರ್ತೈತಲ್ರೀ? ದಿನಾ ಇದ್ದದ್ದು ಒಮ್ಮಿಲೇ ಹೆಂಗ ವಿಷ ಆತು?"

ಬಿ.ಎಸ್ಸಿ., ಬಿ.ಇಡಿ. ಮಾಡಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಓದಿ, ತಿಳಿದವರನ್ನು ಕೇಳಿ ಕಂಡುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಬಾಯಿಮಾತಿನ ಪಿತ್ತ, ಪಾಠದ ಪಿತ್ತ

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. "ಅವನಿಗೆ ಪಿತ್ತ ನೆತ್ತಿಗೇರಿದೆ" ಎನ್ನುತ್ತೇವೆ. ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಎಂಬ ಮೂರು ದೋಷಗಳ ವಿಚಾರವಿದೆ. ಅದು ಬೇರೆಯೇ ಒಂದು ಪರಿಕಲ್ಪನೆ. ಇಲ್ಲಿ ನಾನು ಹೇಳುತ್ತಿರುವುದು ಯಕೃತ್ತು ಎಂಬ ಅಂಗ ತಯಾರಿಸುವ, ಸೀಸೆಯಲ್ಲಿ ಹಿಡಿದು ತೋರಿಸಬಹುದಾದ ಪಿತ್ತರಸವನ್ನು ಕುರಿತು.

ನಮ್ಮ ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಒಸರುತ್ತದೆ. ಅದರ ಕೆಳಗಿರುವ ಪಿತ್ತಕೋಶವೆಂಬ ಪುಟ್ಟ ಚೀಲ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಆದರೆ ಅದು ನೀರನ್ನು ಹೀರಿ ರಸವನ್ನು ಗಟ್ಟಿಯಾಗಿಸಿ ಇಟ್ಟುಕೊಳ್ಳುತ್ತದೆ. ನಾವು ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿಕೊಂಡು ಉಂಡಾಗ ಪಿತ್ತಕೋಶ ಹಿಂಡಿಕೊಂಡು ಆ ರಸವನ್ನು ಸಣ್ಣಕರುಳಿನ ಮೊದಲ ಭಾಗಕ್ಕೆ ಸುರಿಯುತ್ತದೆ.

ಪಿತ್ತರಸದ ಹಳದಿ-ಹಸಿರು ಬಣ್ಣ ಬರುವುದು ಹಳೆಯ ಕೆಂಪು ರಕ್ತಕಣಗಳಿಂದ. ಸುಮಾರು 120 ದಿನ ಬಾಳಿ ಮುರಿದುಹೋದ ರಕ್ತಕಣಗಳ ಕೆಂಪುವಸ್ತುವೇ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯವಾಗುತ್ತದೆ. ಆದರೆ ಪಿತ್ತದ ನಿಜವಾದ ಶಕ್ತಿ ಬಣ್ಣದಲ್ಲಿಲ್ಲ, ಪಿತ್ತಲವಣಗಳಲ್ಲಿದೆ. ಯಕೃತ್ತು ಇವನ್ನು ಕೊಲೆಸ್ಟರಾಲ್‌ನಿಂದ ತಯಾರಿಸುತ್ತದೆ. ಇವುಗಳ ಮೂಲವಾದ ಪಿತ್ತಾಮ್ಲಗಳ ರಚನೆಯನ್ನು ಶೋಧಿಸಿದ್ದಕ್ಕಾಗಿ ಜರ್ಮನಿಯ ಹೈನ್ರಿಕ್ ವೀಲಾಂಡ್ ಅವರಿಗೆ 1927ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಕರುಳಿಗೆ ಸುರಿದ ಪಿತ್ತಲವಣವನ್ನು ಶರೀರ ಪೋಲು ಮಾಡುವುದಿಲ್ಲ. ನೂರರಲ್ಲಿ ಸುಮಾರು 95 ಪಾಲನ್ನು ಸಣ್ಣಕರುಳಿನ ಕೊನೆಯ ಭಾಗ ಮತ್ತೆ ಹೀರಿ ಯಕೃತ್ತಿಗೆ ಮರಳಿಸುತ್ತದೆ. ದಿನಕ್ಕೆ ಹಲವು ಬಾರಿ ಈ ಗಾಣ ತಿರುಗುತ್ತಲೇ ಇರುತ್ತದೆ.

ಹೊಟ್ಟೆಯೊಳಗಿನ ಸಾಬೂನು

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಿ. ಒಂದು ತಾಟಿನಲ್ಲಿ ನೀರು ಹಾಕಿ, ಮೇಲೆ ಮೆಣಸಿನ ಕಾಳಿನ ಸಣ್ಣ ಪುಡಿ ಉದುರಿಸಿ. ಪುಡಿ ತೇಲುತ್ತದೆ. ಈಗ ಬೆರಳ ತುದಿಗೆ ಸಾಬೂನು ಹಚ್ಚಿ ನೀರಿನ ನಡುವೆ ಮುಟ್ಟಿಸಿ. ಪುಡಿಯೆಲ್ಲ ಸರ್ರನೆ ಅಂಚಿಗೆ ಓಡುತ್ತದೆ. ಸಾಬೂನು ನೀರಿನ ಮೇಲ್ಮೈ ಸೆಳೆತವನ್ನು ಕಡಿಮೆ ಮಾಡಿದ್ದೇ ಇದಕ್ಕೆ ಕಾರಣ. ಇನ್ನೊಂದು ಸೀಸೆಯಲ್ಲಿ ನೀರು ಮತ್ತು ಕುಸುಬೆ ಎಣ್ಣೆ ಹಾಕಿ ಕುಲುಕಿ. ಬಿಟ್ಟೊಡನೆ ಎರಡೂ ಬೇರೆಯಾಗುತ್ತವೆ. ನಾಲ್ಕು ಹನಿ ಸಾಬೂನಿನ ನೀರು ಹಾಕಿ ಕುಲುಕಿದರೆ ಹಾಲಿನಂತೆ ಬೆರೆತು ನಿಲ್ಲುತ್ತದೆ. ಪಿತ್ತಲವಣ ಮಾಡುವ ಕೆಲಸವೂ ಇದೇ. ಅದರ ಅಣುವಿನ ಒಂದು ಮುಖ ನೀರನ್ನು ಬಯಸುತ್ತದೆ, ಇನ್ನೊಂದು ಮುಖ ಎಣ್ಣೆಯನ್ನು ಬಯಸುತ್ತದೆ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಪಿತ್ತವು ಹೊಟ್ಟೆಯೊಳಗಿನ ಸಾಬೂನು.

ಸಾಬೂನಿಗೆ ಎರಡು ಗುಣವಿದೆಯೆಂಬುದು ಇಳಕಲ್ಲಿನ ನೇಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಚ್ಚಾ ರೇಷ್ಮೆಯ ನೂಲನ್ನು ಸಾಬೂನು-ಸೋಡಾದ ನೀರಿನಲ್ಲಿ ಕುದಿಸಿ ಅದರ ಅಂಟನ್ನು ತೆಗೆದರೇನೇ ಹೊಳಪು ಬರುವುದು. ಹದ ಮೀರಿ ಕುದಿಸಿದರೆ ಅಂಟಿನ ಜೊತೆ ಎಳೆಯೂ ಹಾಳಾಗುತ್ತದೆ. ಪಿತ್ತದ ಕಥೆಯೂ ಹಾಗೆಯೇ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಪೊರೆ ಕೊಬ್ಬಿನಂಥ ವಸ್ತುವಿನಿಂದ ಆದದ್ದು. ಊಟದ ಕೊಬ್ಬನ್ನು ಒಡೆಯುವ ಪಿತ್ತಲವಣ ಈ ಪೊರೆಯನ್ನೂ ಒಡೆಯಬಲ್ಲದು.

ಹಾಗಾದರೆ ಕರುಳೇ ಏಕೆ ಕರಗುವುದಿಲ್ಲ? ಕರುಳಿನ ಒಳಗೋಡೆಗೆ ಲೋಳೆಯ ಲೇಪವಿದೆ. ಅದರ ಜೀವಕೋಶಗಳು ಕೆಲವೇ ದಿನಗಳಲ್ಲಿ ಹಳತು ಹೋಗಿ ಹೊಸತಾಗುತ್ತಿರುತ್ತವೆ. ಊಟದ ಕೊಬ್ಬು ಪಿತ್ತದ ಬಲವನ್ನು ತಾನೇ ಹಂಚಿಕೊಳ್ಳುತ್ತದೆ. ಒಟ್ಟಿನಲ್ಲಿ ಕರುಳು ಪಿತ್ತಕ್ಕಾಗಿಯೇ ಕಟ್ಟಿದ ಕಾಲುವೆ.

ಪಿತ್ತಕ್ಕೆ ಅಂಜದ ಜೀವಿಗಳು

ಕಾಲುವೆಯೊಳಗೆ ಪಿತ್ತ ಕಾವಲುಗಾರನ ಕೆಲಸವನ್ನೂ ಮಾಡುತ್ತದೆ. 1900ರಲ್ಲಿ ಜರ್ಮನಿಯ ಫ್ರೆಡ್ ನಾಯ್‌ಫೆಲ್ಡ್ ನ್ಯುಮೋನಿಯಾ ರೋಗದ ಬ್ಯಾಕ್ಟೀರಿಯಾಗಳ ಮೇಲೆ ಪಿತ್ತವನ್ನು ಹಾಕಿದಾಗ ಅವು ಕರಗಿಹೋದವು. ಆದರೆ ಎಲ್ಲ ಬ್ಯಾಕ್ಟೀರಿಯಾಗಳೂ ಹೀಗೆ ಕರಗುವುದಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಮೆಕಾಂಕಿ ಎಂಬ ವಿಜ್ಞಾನಿ ಪಿತ್ತಲವಣ ಬೆರೆಸಿದ ಒಂದು ಪೋಷಕ ಮಾಧ್ಯಮವನ್ನು ತಯಾರಿಸಿದರು. ಅದರಲ್ಲಿ ಚರ್ಮ, ಗಾಳಿ, ಧೂಳಿನ ಬಹಳಷ್ಟು ಸೂಕ್ಷ್ಮಜೀವಿಗಳು ಬೆಳೆಯಲಾರವು, ಕರುಳಿನಿಂದ ಬಂದ ಇ. ಕೋಲಿ, ಸಾಲ್ಮೊನೆಲ್ಲಾ ಮುಂತಾದವು ಮಾತ್ರ ಧಾರಾಳವಾಗಿ ಬೆಳೆಯುತ್ತವೆ. ಕುಡಿಯುವ ನೀರಿಗೆ ಮಲ ಸೇರಿದೆಯೆ ಎಂದು ತಿಳಿಯಲು ಪ್ರಯೋಗಾಲಯಗಳು ಇಂದಿಗೂ ಬಳಸುವುದು ಈ ಮೆಕಾಂಕಿ ಮಾಧ್ಯಮವನ್ನೇ.

ಈ ಕರುಳುವಾಸಿಗಳಿಗೆ ಒಳಪೊರೆಯಲ್ಲದೆ ಇನ್ನೊಂದು ಹೊರಪೊರೆಯೂ ಇದೆ. ಅದು ಪಿತ್ತಲವಣವನ್ನು ತಡೆಯುತ್ತದೆ. ಒಳಗೆ ನುಸುಳಿದಷ್ಟನ್ನು ಹೊರಗೆ ತಳ್ಳುವ ಪಂಪುಗಳೂ ಅವುಗಳ ಗೋಡೆಯಲ್ಲಿವೆ. ಸಾವಿರಾರು ತಲೆಮಾರು ಪಿತ್ತದಲ್ಲೇ ಬದುಕಿ ಕಲಿತ ವಿದ್ಯೆ ಇದು.

ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದು ಟೈಫಾಯ್ಡಿನ ಸಾಲ್ಮೊನೆಲ್ಲಾ ಟೈಫಿ. ಕೊಳಕು ನೀರು ಅಥವಾ ಆಹಾರದ ಮೂಲಕ ಅದು ಹೊಟ್ಟೆ ಸೇರುತ್ತದೆ. ಸಣ್ಣಕರುಳಿನ ಕೊನೆಯ ಭಾಗದಲ್ಲಿ ಪೇಯರ್ ತೇಪೆಗಳೆಂಬ ರಕ್ಷಣಾ ಠಾಣೆಗಳಿವೆ. ಆ ಠಾಣೆಗಳ ಮೂಲಕವೇ ಒಳನುಗ್ಗಿ, ರಕ್ತದಲ್ಲಿ ಸಾಗಿ, ಯಕೃತ್ತು ಮತ್ತು ಪಿತ್ತಕೋಶವನ್ನು ತಲುಪುತ್ತದೆ. ಬೇರೆ ಜೀವಿಗಳು ಸಾಯುವ ಪಿತ್ತದಲ್ಲಿ ಇದು ಸಂಸಾರ ಬೆಳೆಸಿ, ಪಿತ್ತದ ಜೊತೆಯಲ್ಲೇ ಮತ್ತೆ ಕರುಳಿಗೆ ಇಳಿಯುತ್ತದೆ. ಒಮ್ಮೆ ಪೆಟ್ಟು ತಿಂದ ಅದೇ ತೇಪೆಗಳಿಗೆ ಎರಡನೆಯ ಬಾರಿ ಪೆಟ್ಟು ಬೀಳುತ್ತದೆ. ಅವು ಊದಿ, ಕೊಳೆತು, ಹುಣ್ಣಾಗುತ್ತವೆ. ಮೂರನೆಯ ವಾರದ ಹೊತ್ತಿಗೆ ಹುಣ್ಣು ಕರುಳಿನ ಗೋಡೆಯನ್ನೇ ದಾಟಬಹುದು. ನಮ್ಮ ಹುಡುಗನಿಗೆ ಆದದ್ದು ಇದೇ. ಜ್ವರ ಇಳಿಯಿತೆಂದು ನಾವು ಸಮಾಧಾನ ಪಟ್ಟುಕೊಂಡ ವಾರವೇ ಅತ್ಯಂತ ಅಪಾಯದ ವಾರವಾಗಿತ್ತು.

ಕಾಯಿಲೆ ವಾಸಿಯಾದ ಮೇಲೂ ನೂರರಲ್ಲಿ ಸುಮಾರು ಎರಡರಿಂದ ಐದು ಮಂದಿಯ ಪಿತ್ತಕೋಶದಲ್ಲಿ ಈ ಜೀವಿ ಉಳಿದುಬಿಡುತ್ತದೆ. ಪಿತ್ತಕೋಶದಲ್ಲಿ ಕಲ್ಲುಗಳಿದ್ದರೆ ಅವುಗಳ ಮೇಲೆ ಪಾಚಿಯಂತೆ ಅಂಟಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಎಂಬಾಕೆ ಹೀಗೆಯೇ ತಾನು ಆರೋಗ್ಯವಾಗಿದ್ದು ಇತರರಿಗೆ ರೋಗ ಹಂಚಿದಳು. 1907ರಲ್ಲಿ ಆಕೆಯನ್ನು ಹಿಡಿದು ಪ್ರತ್ಯೇಕವಾಗಿ ಇಟ್ಟರು. 1910ರಲ್ಲಿ ಬಿಟ್ಟರು. ಮತ್ತೆ ಅಡುಗೆ ಕೆಲಸಕ್ಕೆ ಸೇರಿ 1915ರಲ್ಲಿ ಸಿಕ್ಕಿಬಿದ್ದ ಮೇಲೆ 1938ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಪಿತ್ತಕೋಶವನ್ನು ತೆಗೆಸಿಕೋ ಎಂದು ವೈದ್ಯರು ಹೇಳಿದರೂ ಆಕೆ ಒಪ್ಪಿರಲಿಲ್ಲ.

ಉರಿಯೂತವೆಂಬ ಕಾವಲು

ಈಗ ಕರುಳಿನ ಹೊರಕ್ಕೆ ಬರೋಣ. ಹೊಟ್ಟೆಯ ಒಳಗೋಡೆಯನ್ನೂ ಅಂಗಗಳನ್ನೂ ಹೊದ್ದುಕೊಂಡಿರುವ, ರೇಷ್ಮೆಯಷ್ಟು ನುಣುಪಾದ ಒಂದು ಪೊರೆಯಿದೆ. ಅದಕ್ಕೆ ಪೆರಿಟೋನಿಯಂ ಅಥವಾ ಉದರಪೊರೆ ಎನ್ನುತ್ತಾರೆ. ಬಿಡಿಸಿ ಹಾಸಿದರೆ ಅದರ ವಿಸ್ತಾರ ಹೆಚ್ಚು ಕಡಿಮೆ ನಮ್ಮ ಮೈಚರ್ಮದಷ್ಟೇ ಆದೀತು. ಅದರ ನಡುವೆ ಇರುವುದು ಕೆಲವೇ ಚಮಚ ದ್ರವ. ಅಲ್ಲಿ ಬ್ಯಾಕ್ಟೀರಿಯಾಗಳಿಲ್ಲ, ಪಿತ್ತವೂ ಇಲ್ಲ.

ಈ ಪೊರೆಗೆ ಬ್ಯಾಕ್ಟೀರಿಯಾ ತಗುಲಿದರೆ ದೇಹ ಉರಿಯೂತದಿಂದ ಉತ್ತರ ಕೊಡುತ್ತದೆ. ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು ಎಂಬ ಉರಿಯೂತದ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟ. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದಾಗ ನೀವು ಕಂಡದ್ದೇ ಇದು. ರಕ್ತನಾಳಗಳು ಹಿಗ್ಗುತ್ತವೆ, ದ್ರವ ಒಸರುತ್ತದೆ, ಬಿಳಿ ರಕ್ತಕಣಗಳು ಓಡಿಬಂದು ಶತ್ರುವನ್ನು ನುಂಗುತ್ತವೆ. ಉರಿಯೂತ ರೋಗವಲ್ಲ, ರಕ್ಷಣೆ. ಹೊಟ್ಟೆಯಲ್ಲಿ ಇದಕ್ಕೆ ಇನ್ನೂ ಒಬ್ಬ ಸಹಾಯಕನಿದ್ದಾನೆ. ಕರುಳಿನ ಮುಂದೆ ಏಪ್ರನ್ನಿನಂತೆ ಜೋತಿರುವ ಕೊಬ್ಬಿನ ವಪೆ ಸೋಂಕಿನ ಜಾಗಕ್ಕೆ ಅಂಟಿ ಅದನ್ನು ಸುತ್ತುಗಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ರುದರ್‌ಫೋರ್ಡ್ ಮಾರಿಸನ್ ಇದನ್ನು ಹೊಟ್ಟೆಯ ಪೊಲೀಸ್ ಎಂದು ಕರೆದರು.

ಹಾಗಿದ್ದ ಮೇಲೆ ಇಷ್ಟು ಕಾವಲಿದ್ದರೂ ಸೋಲುವುದೇಕೆ?

ಒಂದು ಒಗಟು

ಶಸ್ತ್ರವೈದ್ಯರಿಗೆ ಬಹಳ ಕಾಲದಿಂದ ಗೊತ್ತಿರುವ ಒಂದು ಒಗಟಿದೆ. ಕೆಲವೊಮ್ಮೆ ಪಿತ್ತಕೋಶದ ಶಸ್ತ್ರಕ್ರಿಯೆಯ ನಂತರ ಶುದ್ಧ ಪಿತ್ತ ನಿಧಾನವಾಗಿ ಹೊಟ್ಟೆಯೊಳಗೆ ಸೋರುತ್ತದೆ. ಹೊಟ್ಟೆ ಉಬ್ಬುತ್ತದೆ, ಆದರೆ ರೋಗಿ ಎಷ್ಟೋ ದಿನ ಹೆಚ್ಚು ನೋವಿಲ್ಲದೆ ಇರಬಹುದು. ಇನ್ನೊಬ್ಬನಿಗೆ ಸೋರಿದ ಪಿತ್ತ ಅದಕ್ಕಿಂತ ಕಡಿಮೆ, ಆದರೆ ಎರಡೇ ದಿನದಲ್ಲಿ ಜೀವಕ್ಕೆ ಬರುತ್ತದೆ. ವ್ಯತ್ಯಾಸವೆಂದರೆ ಎರಡನೆಯವನ ಪಿತ್ತದಲ್ಲಿ ಬ್ಯಾಕ್ಟೀರಿಯಾ ಇದ್ದವು. ಪ್ರಯೋಗಾಲಯದ ಪ್ರಾಣಿಗಳಲ್ಲೂ ಇದೇ ಕಂಡಿತು. ಪಿತ್ತ ಮತ್ತು ಇ. ಕೋಲಿ ಬ್ಯಾಕ್ಟೀರಿಯಾ ಜೊತೆಯಾಗಿ ಸೇರಿದಾಗ ಆಗುವ ಹಾನಿ, ಅವು ಬೇರೆ ಬೇರೆಯಾಗಿ ಸೇರಿದಾಗ ಆಗುವುದಕ್ಕಿಂತ ಬಹಳ ಹೆಚ್ಚು. ಒಂದಕ್ಕೊಂದು ಕೂಡಿದರೆ ಎರಡಾಗಬೇಕು, ಇಲ್ಲಿ ಹತ್ತಾಗುತ್ತದೆ.

ಇದಕ್ಕೆ ಉತ್ತರ ಪ್ರಯೋಗಾಲಯದ ಒಂದು ಹಳೆಯ ಉಪಾಯದಲ್ಲಿದೆ. ರೋಗಿಯ ರಕ್ತದಲ್ಲಿ ಟೈಫಾಯ್ಡ್ ಜೀವಿ ಇದೆಯೆ ಎಂದು ತಿಳಿಯಲು ರಕ್ತವನ್ನು ದನದ ಪಿತ್ತ ಬೆರೆಸಿದ ದ್ರವದಲ್ಲಿ ಹಾಕಿ ಬೆಳೆಸುವ ಕ್ರಮವೊಂದಿದೆ. ಪಿತ್ತವೇ ಏಕೆ? ರಕ್ತದಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿಯಿದೆ, ಪಿತ್ತ ಆ ಶಕ್ತಿಯನ್ನು ಅಡಗಿಸುತ್ತದೆ. ರಕ್ತಕಣಗಳ ಒಳಗೆ ಅಡಗಿದ್ದ ಜೀವಿಗಳನ್ನು ಕಣ ಕರಗಿಸಿ ಹೊರಗೆ ಬಿಡುತ್ತದೆ. ಟೈಫಾಯ್ಡ್ ಜೀವಿಗೆ ಮಾತ್ರ ಏನೂ ಮಾಡುವುದಿಲ್ಲ. ಬ್ಯಾಕ್ಟೀರಿಯಾಗೆ ಅನುಕೂಲ, ರಕ್ಷಕನಿಗೆ ಪ್ರತಿಕೂಲ. ಸೀಸೆಯಲ್ಲಿ ತಂತ್ರಜ್ಞರು ಬೇಕೆಂದೇ ಮಾಡುವ ಈ ಕೆಲಸ ಕರುಳು ತೂತಾದಾಗ ಹೊಟ್ಟೆಯಲ್ಲಿ ತಾನಾಗಿಯೇ ನಡೆದುಬಿಡುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ನೋಡೋಣ. ಮೊದಲು ಪಿತ್ತಲವಣಗಳು ಉದರಪೊರೆಯ ಜೀವಕೋಶಗಳನ್ನು ಸುಡುತ್ತವೆ. ಇಲ್ಲಿ ಕರುಳಿನಂತೆ ಲೋಳೆಯ ಲೇಪವಿಲ್ಲ. ಸುಟ್ಟ ಜಾಗದಿಂದ ದ್ರವ ಲೀಟರುಗಟ್ಟಲೆ ಒಸರುತ್ತದೆ. ಅದು ರಕ್ತದಿಂದಲೇ ಬರಬೇಕು, ಆದ್ದರಿಂದ ರಕ್ತದೊತ್ತಡ ಕುಸಿಯುತ್ತದೆ. ಎರಡನೆಯದಾಗಿ, ಓಡಿಬಂದ ಬಿಳಿ ರಕ್ತಕಣಗಳ ಪೊರೆಗೂ ಪೆಟ್ಟು ಬೀಳುತ್ತದೆ. ಅವು ನುಂಗುವ, ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಮೂರನೆಯದಾಗಿ, ಪಿತ್ತಕ್ಕೆ ಅಂಜದ ಕರುಳುವಾಸಿ ಬ್ಯಾಕ್ಟೀರಿಯಾಗಳು ತೆರೆದ ಹೊಲದಲ್ಲಿ ಬೆಳೆಯುತ್ತವೆ, ಗಾಯಗೊಂಡ ಪೊರೆಯ ಮೂಲಕ ರಕ್ತಕ್ಕೂ ನುಗ್ಗುತ್ತವೆ. ಅವುಗಳ ಹೊರಪೊರೆಯಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷ ಉರಿಯೂತವನ್ನು ಇನ್ನೂ ಕೆರಳಿಸುತ್ತದೆ. ಉರಿಯೂತ ಇದೆ, ಆದರೆ ಅದರಿಂದ ಆಗಬೇಕಾದ ಕೆಲಸ ಆಗುತ್ತಿಲ್ಲ. ಬೆಂಕಿ ಕಳ್ಳನನ್ನು ಬಿಟ್ಟು ಮನೆಯನ್ನು ಸುಡಲು ತೊಡಗುತ್ತದೆ.

ತೂತು ಎಲ್ಲಿ ಬಿತ್ತು ಎಂಬುದೂ ಮುಖ್ಯ. ಜಠರದ ಪಕ್ಕದ ಮೊದಲ ಕರುಳಿನ ಹುಣ್ಣು ತೂತಾದರೆ ಪಿತ್ತ ಮತ್ತು ಆಮ್ಲ ಬಹಳ, ಬ್ಯಾಕ್ಟೀರಿಯಾ ಕಡಿಮೆ. ಮೊದಲ ಕೆಲವು ಗಂಟೆ ಅದು ಬಹುಮಟ್ಟಿಗೆ ರಾಸಾಯನಿಕ ಸುಡುವಿಕೆ, ಸೋಂಕು ಬಲಿಯುವುದು ಆಮೇಲೆ. ಸಣ್ಣಕರುಳಿನ ಕೊನೆಯಲ್ಲಿ ತೂತಾದರೆ ಒಂದು ಮಿಲಿಲೀಟರಿನಲ್ಲಿ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ, ಪಿತ್ತಲವಣವೂ ಜೊತೆಗಿರುತ್ತದೆ. ಎರಡರಲ್ಲೂ ಗೆಲ್ಲಲು ಇರುವ ದಾರಿ ಒಂದೇ. ಹೊತ್ತು ಕಳೆಯದೆ ಹೊಟ್ಟೆ ತೆರೆದು, ತೂತು ಮುಚ್ಚಿ, ಬೆಚ್ಚಗಿನ ಲವಣಜಲದಿಂದ ತೊಳೆಯಬೇಕು. ಪಿತ್ತವನ್ನೂ ಬ್ಯಾಕ್ಟೀರಿಯಾವನ್ನೂ ಹೊರಗೆ ಹಾಕಬೇಕು. ಕರುಳು ತೂತಾಗುವುದು ನಮ್ಮ ಹಿಂದಿನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಕರುಳಿನ ತೂತಿಗೆ ದೊಡ್ಡ ಕರಿ ಇರುವೆಗಳಿಂದ ಕಚ್ಚಿಸಿ, ತಲೆಯಷ್ಟನ್ನು ಉಳಿಸಿ ಹೊಲಿಗೆಯಂತೆ ಬಳಸುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ.

ನಮ್ಮ ಜಿಲ್ಲೆಯವರಿಗೆ ಮಲಪ್ರಭೆಯ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಅದೇ ನೀರು ಕಾಲುವೆಯಲ್ಲಿ ಹರಿದರೆ ಕಬ್ಬು, ಜೋಳ. 2009ರಲ್ಲಿ, ಮತ್ತೆ 2019ರಲ್ಲಿ ದಂಡೆ ಮೀರಿದಾಗ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳಲ್ಲಿ ಏನಾಯಿತೆಂದು ನಾವೇ ಕಂಡಿದ್ದೇವೆ. ನೀರು ಬದಲಾಗಿರಲಿಲ್ಲ. ಜಾಗ ಬದಲಾಗಿತ್ತು, ಜೊತೆಗೆ ಊರ ಕೊಳೆಯೆಲ್ಲ ಬೆರೆತಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳಿದ ಆ ತಂದೆಯ ಪ್ರಶ್ನೆಗೆ ನಾನು ಕೊಡಬಹುದಾಗಿದ್ದ ಉತ್ತರ ಇದೇ.

ಇನ್ನೊಂದು ಮುಖ

ಪಿತ್ತವನ್ನು ಖಳನಾಯಕನನ್ನಾಗಿ ಮಾಡಿ ಕಥೆ ಮುಗಿಸಿದರೆ ಅನ್ಯಾಯವಾದೀತು. ಕಲ್ಲು ಅಡ್ಡವಾಗಿ ಪಿತ್ತ ಕರುಳಿಗೆ ಇಳಿಯದಿದ್ದರೆ ಕಾಮಾಲೆಯಾಗುತ್ತದೆ. ಆಗ ಕರುಳಿನ ಬ್ಯಾಕ್ಟೀರಿಯಾಗಳು ಅತಿಯಾಗಿ ಬೆಳೆದು, ಅವುಗಳ ವಿಷ ರಕ್ತಕ್ಕೆ ಸೇರುವುದು ಹೆಚ್ಚುತ್ತದೆ. ಅಂದರೆ ಕರುಳಿನಲ್ಲಿ ಪಿತ್ತ ಇಲ್ಲದಿದ್ದರೂ ಕಷ್ಟ. 1999ರಲ್ಲಿ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಕಂಡುಕೊಂಡರು. ನಮ್ಮ ಜೀವಕೋಶಗಳಲ್ಲಿ ಪಿತ್ತಾಮ್ಲವನ್ನು ಗುರುತಿಸುವ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕವಿದೆ. ಅನಂತರ ಟಿಜಿಆರ್-5 ಎಂಬ ಮತ್ತೊಂದು ಗ್ರಾಹಕವೂ ಸಿಕ್ಕಿತು. ಇದು ಭಕ್ಷಕ ಕೋಶಗಳಲ್ಲೂ ಇದೆ. ಸ್ವಲ್ಪ ಪ್ರಮಾಣದ ಪಿತ್ತಾಮ್ಲ ಈ ಗುಂಡಿಯನ್ನು ಒತ್ತಿದರೆ ಭಕ್ಷಕ ಕೋಶಗಳು ಉರಿಯೂತ ಕೆರಳಿಸುವ ರಾಸಾಯನಿಕಗಳನ್ನು ಕಡಿಮೆ ಬಿಡುತ್ತವೆ. 2016ರಲ್ಲಿ ಚೀನಾದ ವಿಜ್ಞಾನಿಗಳು ಇಲಿಗಳಲ್ಲಿ ಇದೇ ದಾರಿಯಿಂದ ಉರಿಯೂತ ತಗ್ಗುವುದನ್ನು ತೋರಿಸಿದರು. ಹೆಚ್ಚಾದರೆ ಸುಡುವ ಸಾಬೂನು, ಹನಿಯಷ್ಟಾದರೆ ಸುಮ್ಮನಿರೆಂದು ಹೇಳುವ ಸಂದೇಶ. ಪ್ರಮಾಣವೂ ಜಾಗವೂ ಒಂದೇ ವಸ್ತುವಿನ ಗುಣವನ್ನು ಹೇಗೆ ತಿರುಗಿಸುತ್ತವೆ ನೋಡಿ.

ಇಷ್ಟು ಓದಿ ಯಾರೂ ಪಿತ್ತವನ್ನು ಔಷಧಿಯೆಂದು ಸೇವಿಸಬೇಡಿ. ರೋಹು, ಕಾಟ್ಲಾ ಮೀನಿನ ಪಿತ್ತದ ಚೀಲವನ್ನು ಹಸಿಯಾಗಿ ನುಂಗಿದರೆ ದಮ್ಮು, ಸಕ್ಕರೆ ಕಾಯಿಲೆ ಹೋಗುತ್ತವೆಂದು ಕೆಲವರು ನಂಬುತ್ತಾರೆ. ಆ ಪಿತ್ತದಲ್ಲಿರುವ ಸೈಪ್ರಿನಾಲ್ ಎಂಬ ವಸ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಹೀಗೆ ನುಂಗಿ ಮೂತ್ರ ನಿಂತು ಆಸ್ಪತ್ರೆ ಸೇರಿದವರ ವಿವರಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲೇ ಬಂದಿವೆ. ಹಿನ್ನೀರಿನ ಮೀನು ತನ್ನಿ, ಸಾರು ಮಾಡಿ ಉಣ್ಣಿ. ಪಿತ್ತದ ಚೀಲವನ್ನು ಮಾತ್ರ ಒಡೆಯದೆ ತೆಗೆದು ಬಿಸಾಡಿ. ಕಾಮಾಲೆಗೆ, ಹೊಟ್ಟೆನೋವಿಗೆ ಬರೆ ಹಾಕುವುದರಿಂದ ಒಳಗಿನ ಪಿತ್ತಕ್ಕೆ ಏನೂ ಆಗುವುದಿಲ್ಲ. ಸುಡುವುದು ಮಗುವಿನ ಚರ್ಮ ಮಾತ್ರ, ಕಳೆಯುವುದು ಚಿಕಿತ್ಸೆಯ ಹೊತ್ತು ಮಾತ್ರ.

ತಾಯಿ-ತಂದೆಯರಿಗೆ ನಾಲ್ಕು ಮಾತು

ಹೊಟ್ಟೆನೋವು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಯಾವುದಕ್ಕೆ ಹೆದರಬೇಕು? ಸಾಮಾನ್ಯ ಕರುಳುನೋವಿನಲ್ಲಿ ಮಕ್ಕಳು ಹೊರಳಾಡುತ್ತಾರೆ. ಉದರಪೊರೆಗೆ ಉರಿಯೂತವಾದರೆ ಅಲುಗಿದರೇ ನೋವು, ಆದ್ದರಿಂದ ಕಾಲು ಮಡಚಿ ಸುಮ್ಮನೆ ಮಲಗುತ್ತಾರೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಕೆಮ್ಮಿದರೆ, ಗಾಡಿ ಕುಲುಕಿದರೆ ಜೀವ ಹೋದಂತಾಗುತ್ತದೆ. ವಾಂತಿ, ಹೊಟ್ಟೆ ಉಬ್ಬರ, ವೇಗದ ನಾಡಿ ಜೊತೆಗಿರುತ್ತವೆ. ನಡುವೆ ಕೆಲವು ಗಂಟೆ ನೋವು ತಗ್ಗಿದಂತೆ ತೋರಬಹುದು, ಅದನ್ನು ನಂಬಬೇಡಿ. ಇಂಥ ಹೊತ್ತಿನಲ್ಲಿ ಔಡಲೆಣ್ಣೆ, ಭೇದಿ ಔಷಧ, ಎನಿಮಾ ಕೊಡಬಾರದು. ಅವು ಕರುಳನ್ನು ಹಿಂಡಿ ತೂತಿನಿಂದ ಇನ್ನಷ್ಟು ಸೋರಿಸುತ್ತವೆ. ಊಟವೂ ಬೇಡ, ನೀರೂ ಬೇಡ. ನೋವಿನ ಮಾತ್ರೆ ನುಂಗಿಸಿ ಕಾಯುತ್ತ ಕೂರುವುದಂತೂ ಬೇಡವೇ ಬೇಡ. ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ತಕ್ಷಣ ಹೊರಡಬೇಕು.

ಒಂದು ಕಾಲದಲ್ಲಿ ಹೀಗೆ ಹೇಳುವುದು ಸುಲಭ, ಹೋಗುವುದು ಕಷ್ಟವಾಗಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೂ ನಮ್ಮ ಭಾಗದವರಿಗೆ ಅದು ದೂರದ ಊರೇ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಇಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಬಂದದ್ದು 2002ರಲ್ಲಿ, 108ರ ಆಂಬುಲೆನ್ಸ್ ರಾಜ್ಯದಲ್ಲಿ ಓಡಲು ಶುರುವಾದದ್ದು 2008ರ ನವೆಂಬರಿನಲ್ಲಿ. ಈಗ ದೂರದ ನೆಪ ಹೇಳುವಂತಿಲ್ಲ.

ಇನ್ನು ಜ್ವರದ ಮಾತು. ನಾಲ್ಕೈದು ದಿನ ಬಿಡದ ಜ್ವರಕ್ಕೆ ರಕ್ತಪರೀಕ್ಷೆ ಬೇಕು, ಸಿಕ್ಕಸಿಕ್ಕ ಸೂಜಿಯಲ್ಲ. ಟೈಫಾಯ್ಡ್ ಎಂದು ಗೊತ್ತಾದರೆ ಜ್ವರ ಇಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಔಷಧಿ ಮುಗಿಸಬೇಕು. ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು, ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಕಲಿಯುತ್ತದೆ. ಆರು ತಿಂಗಳ ಮಗುವಿಗೂ ಕೊಡಬಹುದಾದ ಟೈಫಾಯ್ಡ್ ಲಸಿಕೆ ನಮ್ಮ ಪಕ್ಕದ ಹೈದರಾಬಾದಿನಲ್ಲೇ ತಯಾರಾಗುತ್ತದೆ. 2017ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮಾನ್ಯತೆ ಕೊಟ್ಟಿತು. ನಿಮ್ಮ ವೈದ್ಯರನ್ನು ಕೇಳಿ. ಎಲ್ಲಕ್ಕಿಂತ ಮೊದಲ ಮದ್ದು ನೀರು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಸಾವುಗಳಾದದ್ದನ್ನು ನಾವು ಮರೆಯಬಾರದು. ಬನಶಂಕರಿಯ ಜಾತ್ರೆಯಿರಲಿ, ಇಳಕಲ್ಲಿನ ಮಹಾಂತೇಶ್ವರ ಜಾತ್ರೆಯಿರಲಿ, ಕುದಿಸಿ ಆರಿಸಿದ ನೀರನ್ನು ಮನೆಯಿಂದ ಒಯ್ಯುವುದಕ್ಕೆ ನಾಚಿಕೆ ಏಕೆ? ಬಣ್ಣದ ಐಸು, ತೆರೆದಿಟ್ಟ ಹಣ್ಣಿನ ಹೋಳು ಇವಕ್ಕೆ ಕೈ ಚಾಚುವ ಮೊದಲು ಒಮ್ಮೆ ಯೋಚಿಸಿ.

ಹುಡುಗ ಬದುಕಿದ. ಬೇಸಿಗೆ ಕಳೆದ ಮೇಲೆ ಪೂರಕ ಪರೀಕ್ಷೆ ಬರೆದು ಪಾಸಾದ. ಅಂಗಿ ಎತ್ತಿ ಹೊಟ್ಟೆಯ ಉದ್ದದ ಗಾಯವನ್ನು ತೋರಿಸಿ "ಸರ, ಪಿತ್ತದ ಪ್ರಶ್ನೆ ಬಂದಿತ್ರಿ, ಎರಡಕ್ಕ ಎರಡು ಮಾರ್ಕ್ಸ್ ಗ್ಯಾರಂಟಿ" ಎಂದು ನಕ್ಕ. ನಾನೂ ನಕ್ಕೆ. ಆದರೆ ಜ್ವರದಲ್ಲಿ ಬಂದು ಪರೀಕ್ಷೆ ಬರೆ ಎಂದು ನಾನು ಹೇಳಿದ ಮಾತು ಈಗಲೂ ಆಗಾಗ ಕಿವಿಯಲ್ಲಿ ಕೇಳಿಸುತ್ತದೆ. ಪರೀಕ್ಷೆ ಮುಂದಿನ ಬಾರಿಯೂ ಬರುತ್ತದೆ. ತರಗತಿಯಲ್ಲಿ ಯಾವ ಮಗುವಾದರೂ ಹಣೆ ಹಿಡಿದು ಕುಳಿತರೆ ಈಗ ನಾನು ಮೊದಲು ಕೇಳುವುದು, "ಎಷ್ಟು ದಿನದಿಂದ ಜ್ವರ?" ಎಂದು.